ಊರಿಗೆ ಬಂದ ಟವರ್, ನೀರಿಗೆ ಇಳಿಯದ ಸಿಗ್ನಲ್

ಮೊನ್ನೆ ಕೇರಳದ ಗಡಿನಾಡು ಕಾಸರಗೋಡಿನ ನಮ್ಮ ವಾರ್ಡಿನ ಗ್ರಾಮಸಭೆಗೆ ಮೊಬೈಲ್ ಕಂಪನಿಯೊಂದರ ಪರವಾಗಿ ಬಂದಿದ್ದ ಯುವಕನೊಬ್ಬ ಲ್ಯಾಪ್‌ಟಾಪ್ ತೆರೆದು, ಗೋಡೆಯ ಮೇಲೆ ನಮ್ಮೂರಿನ ನಕ್ಷೆಯನ್ನು ಮೂಡಿಸಿ, ಇಲ್ಲಿ ಎಲ್ಲ ಕಡೆಯೂ ಕವರೇಜ್ ಇದೆಯೆಂದು ಮಲಯಾಳದಲ್ಲಿ ಒಮ್ಮೆಯೂ ನಮಗಾಗಿ ಹರಕು ತುಳುವಿನಲ್ಲಿ ಒಮ್ಮೆಯೂ ಹೇಳಿದ. ನಕ್ಷೆಯ ತುಂಬ ಗುಲಾಬಿ ಬಣ್ಣ. ನಮ್ಮ ತೋಟ, ತೋಟದ ಕೆಳಗಿನ ತೋಡು, ತೋಡಿನಾಚೆಯ ಮನೆಗಳು, ಮಳೆಗಾಲದಲ್ಲಿ ಯಾರೂ ಹೋಗಲಾಗದ ಹಳ್ಳದ ಮೂಲೆ, ಎಲ್ಲವೂ ಗುಲಾಬಿ. ನನ್ನ ಪಕ್ಕದಲ್ಲಿ ಕುಳಿತಿದ್ದ ಎಪ್ಪತ್ತು ದಾಟಿದ ಅಕ್ಕ ಒಬ್ಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡಿ, "ಆ ಬಣ್ಣ ಮನೆಯ ಒಳಗೆ ಬರ್ತದಾ ಮಗಾ, ಅಲ್ಲ ಅಂಗಳದವರೆಗೆ ಮಾತ್ರವಾ?" ಎಂದು ಕೇಳಿದರು. ಸಭೆ ನಕ್ಕಿತು, ಯುವಕನೂ ನಕ್ಕ. ಆ ದಿನ ಸಭೆಯಲ್ಲಿ ಕೇಳಿಬಂದ ಏಕೈಕ ತಾಂತ್ರಿಕ ಪ್ರಶ್ನೆ ಅದಾಗಿತ್ತು. ಅದಕ್ಕೆ ಉತ್ತರ ಮಾತ್ರ ಬರಲಿಲ್ಲ.

ದೂರವಾಣಿ ಕಂಬ ಹತ್ತಿ ಇಳಿದು ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದವನು ನಾನೆಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆ. ಆದ್ದರಿಂದ ಈ ವಿಷಯದಲ್ಲಿ ನನಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತನಾದ ಮೇಲಾದರೂ ಫೋನಿನ ಸುದ್ದಿ ಬಿಡಬಾರದೇ ಎಂದು ಮನೆಯಾಕೆ ಕೇಳುತ್ತಾಳೆ. ಬಿಡಬಹುದಿತ್ತು, ಫೋನ್ ಕೇಳಿಸುತ್ತಿದ್ದರೆ.

ವಿಷಯ ಇಷ್ಟೆ. ಹಳ್ಳಿಗಳಿಗೆ, ಅದರಲ್ಲೂ ನಮ್ಮಂತಹ ಗುಡ್ಡಗಾಡಿನ ಹಳ್ಳಿಗಳಿಗೆ ದೂರವಾಣಿಯನ್ನು ತಲುಪಿಸಲು ಸರಿಯಾದ ದಾರಿ ತಂತಿಯಲ್ಲ, ರೇಡಿಯೋ. ಆದರೆ ಆ ರೇಡಿಯೋ ಬಂದು ಸೇರಬೇಕಾದದ್ದು ಮನೆಯ ಮಾಡಿನ ಮೇಲೆ ಸ್ಥಿರವಾಗಿ ನಿಂತ ಆಂಟೆನಾಕ್ಕೆ. ಅಡುಗೆಮನೆಯೊಳಗೆ ಅಂಗೈಯಲ್ಲಿ ಹಿಡಿದ ಫೋನಿಗಲ್ಲ. ಒಂದು ಕಾಲದಲ್ಲಿ ಇದನ್ನು ಅರಿತವರಿದ್ದರು, ಅದಕ್ಕೆ ಬೇಕಾದ ಉಪಕರಣಗಳನ್ನು ಮಾಡಿದವರೂ ಇದ್ದರು. ಆಮೇಲೆ ನಾವು ಅದನ್ನು ಗುಜರಿಗೆ ಹಾಕಿ, ಮುಖ್ಯರಸ್ತೆಯ ತಿರುವಿನಲ್ಲಿ ಟವರ್ ನೆಟ್ಟು, ಊರಿಗೆ ಫೋನ್ ಬಂತು ಎಂದು ನಕ್ಷೆಗೆ ಬಣ್ಣ ಬಳಿದೆವು.

ನಮ್ಮ ನೆಲದ ರೀತಿಯನ್ನು ನೋಡಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಎಲ್ಲಿಗೆ ಹೋದರೂ ಮೇಲೆ ಮುರಕಲ್ಲಿನ ಪದವು, ಕೆಳಗೆ ಇಕ್ಕಟ್ಟಾದ ಕಣಿವೆ. ಪದವಿನ ಮೇಲೆ ಬೇಸಿಗೆಯಲ್ಲಿ ಹನಿ ನೀರಿಲ್ಲ. ನೀರು ಇರುವುದು ಕೆಳಗೆ, ಇಲ್ಲವೇ ಗುಡ್ಡದ ಬದಿಯನ್ನು ಕೊರೆದು ನಮ್ಮ ಹಿರಿಯರು ಮಾಡಿದ ಸುರಂಗಗಳಲ್ಲಿ. ಆದ್ದರಿಂದ ಅಡಿಕೆ ತೋಟ ಕೆಳಗೆ, ತೋಟ ಇದ್ದಲ್ಲಿ ಮನೆ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಗೋಡೆಗೆ ಗೋಡೆ ತಾಗಿದ ಕೇರಿಗಳಿಲ್ಲ. ಒಂದೊಂದು ಮನೆಯೂ ತನ್ನ ತೋಟದ ನಡುವೆ ಒಂಟಿ. ರಸ್ತೆ, ಬಸ್ಸು, ಅಂಗಡಿ, ಶಾಲೆ ಎಲ್ಲವೂ ಮೇಲೆ, ಟವರೂ ಮೇಲೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿ ಸುಳ್ಳಾಗಿದೆ. ಟವರ್ ಊರಿಗೆ ಬಂದು ವರ್ಷಗಳೇ ಆದವು, ಸಿಗ್ನಲ್ ಮಾತ್ರ ನೀರಿರುವಲ್ಲಿಗೆ ಇನ್ನೂ ಇಳಿದಿಲ್ಲ.

ತಂತಿಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ನಾನು ಒಂದು ಮಾತು ಹೇಳಬೇಕು, ಏಕೆಂದರೆ ಆ ತಂತಿಯನ್ನು ಎಳೆದವರಲ್ಲಿ ನಾನೂ ಒಬ್ಬ. 1984ರಲ್ಲಿ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಸ್ಥಾಪನೆಯಾಗಿ, 1986ರಲ್ಲಿ ಅದರ 128 ಲೈನಿನ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮದೇ ಭಾಷೆಯ ಕಿತ್ತೂರಿನಲ್ಲಿ ಮೊದಲು ಕೆಲಸ ಆರಂಭಿಸಿದಾಗ, ಹಳ್ಳಿಯ ದೂರವಾಣಿಯ ಅರ್ಧ ಸಮಸ್ಯೆ ನಿಜವಾಗಿಯೂ ಪರಿಹಾರವಾಯಿತು. ಹವಾನಿಯಂತ್ರಣದ ಕೋಣೆ ಬೇಡ, ಧೂಳು ಸೆಕೆಗಳಿಗೆ ಹೆದರುವುದಿಲ್ಲ, ಅಂಚೆ ಕಚೇರಿಯ ಹಿಂಬದಿಯ ಕೋಣೆಯೊಂದರಲ್ಲಿ ಇಟ್ಟರೂ ನಡೆಯುತ್ತದೆ. ಉಳಿದ ಅರ್ಧ ಸಮಸ್ಯೆ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ದಾರಿ. ಪೇಟೆಯಲ್ಲಿ ಒಂದು ಕಂಬದಿಂದ ಹತ್ತು ಮನೆಗೆ ಸಂಪರ್ಕ ಕೊಟ್ಟರೆ, ನಮ್ಮಲ್ಲಿ ಒಂದು ಮನೆಗಾಗಿ ಹತ್ತು ಕಂಬ ನೆಡಬೇಕು. ಅಡಿಕೆ ಮರ ಬಿದ್ದರೆ ತಂತಿ ತುಂಡು, ತೆಂಗಿನ ಮಡಲು ಬಿದ್ದರೆ ತುಂಡು, ಸಿಡಿಲು ಬಡಿದರೆ ಸುಟ್ಟು ಕರಕಲು, ಗುಡ್ಡ ಅಗೆಯುವ ಜೆಸಿಬಿ ಬಂದರೆ ನೆಲದಡಿಯ ಕೇಬಲ್ಲೂ ಇಲ್ಲ. ಮಳೆ ಸುರಿಯುವ ಆಟಿ ತಿಂಗಳಿಡೀ ಸತ್ತು ಮಲಗಿದ ಫೋನುಗಳ ಮನೆಗಳಿಗೆ ಹೋದಾಗ ಸಿಗುತ್ತಿದ್ದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ತಂತಿಯ ಖರ್ಚು ದೂರದೊಂದಿಗೆ ಬೆಳೆಯುತ್ತದೆ, ಅದರ ದುರಸ್ತಿಯೂ ಹಾಗೆಯೇ. ರೇಡಿಯೋ ಅಲೆಗೆ ನಡುವೆ ಎರಡು ತೋಟ ಇದ್ದರೂ ಇಪ್ಪತ್ತು ತೋಟ ಇದ್ದರೂ ಕಂಬದ ಖರ್ಚಿಲ್ಲ.

ಇದು ಹೊಸದಾಗಿ ಹೊಳೆದ ಜ್ಞಾನವೂ ಅಲ್ಲ. ಅಮೆರಿಕದ ಕೊಲರಾಡೋ ರಾಜ್ಯದ ಶಯೆನ್ ವೆಲ್ಸ್ ಎಂಬಲ್ಲಿ 1946ರಲ್ಲಿಯೇ, ತಂತಿ ಎಳೆದರೆ ಪೂರೈಸದಷ್ಟು ದೂರದಲ್ಲಿದ್ದ ದನಗಾಹಿಗಳ ಮನೆಗಳಿಗೆ ರೇಡಿಯೋ ಮೂಲಕ ದೂರವಾಣಿ ಕೊಟ್ಟು ನೋಡಿದ್ದರು. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆ ಹಳ್ಳಿಗಳ ಸಾರ್ವಜನಿಕ ಫೋನುಗಳಿಗಾಗಿ 'ಮಾರ್' ಎಂಬ ವ್ಯವಸ್ಥೆಯನ್ನು ತಂದಿತು. ಎಕ್ಸ್‌ಚೇಂಜಿನಲ್ಲಿ ಒಂದು ಮೂಲ ಕೇಂದ್ರ, ಅದರಲ್ಲಿ ಎರಡು ರೇಡಿಯೋ ಚಾನೆಲ್, ಆ ಎರಡನ್ನು ಹಂಚಿಕೊಳ್ಳುವ ಹದಿನೈದರಷ್ಟು ಹಳ್ಳಿಗಳು, ಪ್ರತಿ ಹಳ್ಳಿಯಲ್ಲಿ ಒಂದು ಎತ್ತರದ ಆಂಟೆನಾ, ಒಂದು ಸೌರಫಲಕ, ಒಂದು ಬ್ಯಾಟರಿ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಎಲ್ಲ ಹಳ್ಳಿಗಳಿಗೂ 1997ರೊಳಗೆ ಫೋನ್ ಎಂದು 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಘೋಷಿಸಿದ್ದು ಇಂತಹ ವ್ಯವಸ್ಥೆಗಳನ್ನು ನಂಬಿಕೊಂಡೇ. ಕೊನೆಗೆ ಆದದ್ದೇನು? ಗಿಟ್ಟದ ಊರುಗಳಿಗೂ ದೂರವಾಣಿ ಮುಟ್ಟಿಸಲೆಂದು ಇರುವ ಸಾರ್ವತ್ರಿಕ ಸೇವಾ ನಿಧಿಯ ಹಣದಿಂದ ದೇಶದಾದ್ಯಂತ 1.85 ಲಕ್ಷಕ್ಕೂ ಹೆಚ್ಚು ಮಾರ್ ಫೋನುಗಳನ್ನು ಕಿತ್ತು ಬೇರೆ ತಂತ್ರಜ್ಞಾನ ಹಾಕಬೇಕಾಯಿತು.

ಇದನ್ನು ಹಿಡಿದುಕೊಂಡು "ನೋಡಿ, ರೇಡಿಯೋ ಹಳ್ಳಿಗೆ ಆಗದು" ಎಂದು ಷರಾ ಬರೆದವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಸೋತದ್ದು ರೇಡಿಯೋ ಅಲ್ಲ. ಬ್ಯಾಟರಿ ಸತ್ತರೆ ಬದಲಿಸುವ ಹೊಣೆ ಯಾರದೆಂದು ಖಚಿತವಿರಲಿಲ್ಲ, ಸೌರಫಲಕವನ್ನು ಕದ್ದವನ ಮನೆಯಲ್ಲಿ ದೀಪ ಉರಿಯಿತು, ಬಿಡಿಭಾಗಗಳು ಬರಲಿಲ್ಲ, ಒಂದು ಯಂತ್ರ ಕೆಟ್ಟರೆ ಅದನ್ನು ಬಿಚ್ಚಬಲ್ಲವನು ಜಿಲ್ಲಾ ಕೇಂದ್ರದಿಂದ ಬರಬೇಕಿತ್ತು. ಹದಿನೈದು ಹಳ್ಳಿಗೆ ಎರಡು ಚಾನೆಲ್ ಎಂದರೆ ಮೂರನೆಯವನು ಕಾಯಲೇಬೇಕು ಎಂಬುದು ಮಾತ್ರ ನಿಜವಾದ ತಾಂತ್ರಿಕ ದೋಷ. ಅದನ್ನು ತಿದ್ದುವುದೂ ಸಾಧ್ಯವಿತ್ತು, ತಿದ್ದಿದವರೂ ಇದ್ದರು.

ಮದ್ರಾಸ್ ಐಐಟಿಯ ಪ್ರೊ. ಅಶೋಕ್ ಝುಂಝುನ್‌ವಾಲಾ ಮತ್ತು ಅವರ ಬಳಗ 1990ರ ದಶಕದಲ್ಲಿ ರೂಪಿಸಿದ ಕಾರ್‌ಡೆಕ್ಟ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಯುರೋಪಿನವರು ಮನೆಯೊಳಗಿನ ತಂತಿರಹಿತ ಫೋನಿಗೆಂದು ಮಾಡಿಕೊಂಡಿದ್ದ ಡೆಕ್ಟ್ ಮಾನಕವನ್ನು ನಮ್ಮವರು ಹಳ್ಳಿಗಾಗಿ ಹಿಗ್ಗಿಸಿದರು. ನೇರ ದೃಷ್ಟಿಯಿದ್ದರೆ 10 ಕಿಲೋಮೀಟರ್, ನಡುವೆ ಒಂದು ರಿಲೇ ಕೇಂದ್ರ ನಿಲ್ಲಿಸಿದರೆ 25 ಕಿಲೋಮೀಟರ್. ಚಂದಾದಾರನ ಮನೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ, ಮಾಡಿನ ಮೇಲೆ ಟವರಿನ ಕಡೆಗೆ ಮುಖ ಮಾಡಿದ ಸಣ್ಣ ಆಂಟೆನಾ, ಪೆಟ್ಟಿಗೆಗೆ ಸಾಮಾನ್ಯ ಫೋನ್ ಸಿಕ್ಕಿಸಿದರೆ ಮಾತು, ಕಂಪ್ಯೂಟರ್ ಸಿಕ್ಕಿಸಿದರೆ ಆ ಕಾಲಕ್ಕೆ ಸಾಕಾಗುವಷ್ಟು ವೇಗದ ಇಂಟರ್‌ನೆಟ್, ಎರಡೂ ಒಟ್ಟಿಗೆ. ಮನೆಯ ಗೋಡೆ, ಮರದ ಎಲೆ, ಮಳೆಯ ತೇವ ಇವೆಲ್ಲ ಸೇರಿ ಅಲೆಯನ್ನು ನುಂಗುತ್ತವೆ, ಆದ್ದರಿಂದ ಅಲೆಯನ್ನು ಹಿಡಿಯುವ ಕೆಲಸ ಮನೆಯ ಹೊರಗೆ ಎತ್ತರದಲ್ಲಿಯೇ ಆಗಬೇಕು ಎಂಬ ಸರಳ ವಿವೇಕ ಅದರಲ್ಲಿತ್ತು. ಕೈಯಲ್ಲಿ ಹಿಡಿದು ಓಡಾಡುವ ಫೋನಿನ ಅಬ್ಬರದಲ್ಲಿ ಅದು ಮೂಲೆಗೆ ಸರಿಯಿತು.

ನಮ್ಮ ಕಡೆಯ ಮನೆಗಳಿಗೆ ಬಂದದ್ದು ಅದರ ದಾಯಾದಿ: 800 ಮೆಗಾಹರ್ಟ್ಸ್‌ನ ಸಿಡಿಎಂಎ ತಂತ್ರಜ್ಞಾನದ ಡಬ್ಲ್ಯುಎಲ್ಎಲ್, ಎಂದರೆ ತಂತಿಯ ಬದಲು ರೇಡಿಯೋದಲ್ಲಿ ಬರುವ ಮನೆ ಫೋನ್. ನೋಡಲು ಸಾಮಾನ್ಯ ಫೋನಿನಂತೆಯೇ, ಹಿಂದೆ ಒಂದು ಕಡ್ಡಿ ಆಂಟೆನಾ. ತಗ್ಗಿನ ಮನೆಯಾದರೆ ಕಡ್ಡಿಯನ್ನು ಬಿಚ್ಚಿ, ಮಾಡಿನ ಮೇಲೆ ಜಿಐ ಪೈಪಿಗೆ ಮೀನಿನ ಮುಳ್ಳಿನಂತಹ ಯಾಗಿ ಆಂಟೆನಾವನ್ನು ಕಟ್ಟಿ ಕೇಬಲ್ ಇಳಿಸುತ್ತಿದ್ದೆವು. ಪೈಪನ್ನು ಹಿಡಿದು ಒಬ್ಬ ಮೆಲ್ಲನೆ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಹಾಂ, ಅಲ್ಲೇ, ಅಲ್ಲೇ ನಿಲ್ಲಿಸಿ ಮಾರಾಯರೇ" ಎಂದು ಕೂಗುವುದು, ಫೋನಿನಲ್ಲಿ ಸಿಗ್ನಲಿನ ಗೆರೆಗಳು ಏರಿದ ಕೂಡಲೇ ಬೋಲ್ಟ್ ಬಿಗಿಯುವುದು. ಹಾಗೆ ಬಿಗಿದ ಫೋನು ಜಡಿಮಳೆಯಲ್ಲೂ ಮಾತಾಡುತ್ತಿತ್ತು. ಮೊಬೈಲ್ ಅಗ್ಗವಾಗುತ್ತಿದ್ದಂತೆ ಇದನ್ನು ಕೇಳುವವರಿಲ್ಲವಾಯಿತು, ಮತ್ತೆ ಸೇವೆಯೇ ನಿಂತಿತು. ಆ ಪೆಟ್ಟಿಗೆಯೊಂದು ಇಂದಿಗೂ ನಮ್ಮ ಅಟ್ಟದ ಮೇಲಿದೆ. ಗುಜರಿಯವರು ಬಂದಾಗಲೆಲ್ಲ ಅದನ್ನು ಕೊಡದೆ ಅಡಗಿಸಿಡುತ್ತೇನೆ ಎಂಬ ಗುಟ್ಟನ್ನು ಇಲ್ಲಿ ಹೇಳಿಬಿಟ್ಟೆ, ಇನ್ನು ಮನೆಯಲ್ಲಿ ವಿಚಾರಣೆ ಇದೆ.

ಈಗ ಗುಲಾಬಿ ಬಣ್ಣಕ್ಕೆ ಬರೋಣ. ಕಂಪನಿಗಳು ತಮ್ಮ ಸೇವೆಯ ವ್ಯಾಪ್ತಿಯ ನಕ್ಷೆಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ನಿಯಮಾವಳಿಯಲ್ಲಿ ವಿಧಿಸಿತು, ಒಳ್ಳೆಯದೇ ಆಯಿತು. ಆದರೆ ನಮಗೆ ತೋರಿಸಿದ ಬಣ್ಣ ಮನೆಯ ಹೊರಗಿನ ಬಯಲಿನ ಲೆಕ್ಕ. ನನ್ನ ಫೋನಿನ ಸಿಗ್ನಲ್ ಅಳೆಯುವ ಆ್ಯಪ್ ಚಾವಡಿಯಲ್ಲಿ ಮೈನಸ್ 118 ತೋರಿಸುತ್ತದೆ, ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮೈನಸ್ 90; ಸೊನ್ನೆಗೆ ಹತ್ತಿರವಾದಷ್ಟು ಸಿಗ್ನಲ್ ಗಟ್ಟಿ. ಅಂಕಿ ನೋಡಿದರೆ ಇಪ್ಪತ್ತೆಂಟರ ಅಂತರ, ಅಷ್ಟೇ ಅನಿಸಬಹುದು. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಎಂದರೆ ಗುಡ್ಡದ ಮೇಲೆ ಇರುವ ಶಕ್ತಿಯ ಆರುನೂರರಲ್ಲಿ ಒಂದು ಪಾಲು ಮಾತ್ರ ನಮ್ಮ ಚಾವಡಿಗೆ ಇಳಿಯುತ್ತದೆ. ಆ ಪಾಲಿನಲ್ಲಿ ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಬೇಕಾದ ಒಟಿಪಿ ಬರಬೇಕು, ಬ್ಯಾಂಕಿನ ಸಂದೇಶ ಬರಬೇಕು, ರಾತ್ರಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕರೆ ಹೋಗಬೇಕು. ಒಟಿಪಿಗಾಗಿ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮೊಣಕಾಲು ನೋವಿನ ಅಕ್ಕನಿಗೆ ಇದನ್ನು 'ಡಿಜಿಟಲ್ ಸೇವೆ' ಎಂದು ವಿವರಿಸುವ ಧೈರ್ಯ ಇದ್ದವರು ಮುಂದೆ ಬರಬೇಕು.

"ಈಗ ಫೈಬರ್ ಬಂದಿದೆಯಲ್ಲ, ವೈಫೈ ಮೂಲಕವೇ ಕರೆ ಮಾಡಬಹುದಲ್ಲ" ಎಂದು ಸಭೆಯಲ್ಲೂ ಒಬ್ಬರು ಹೇಳಿದರು. ಬಂದಿದೆ, ಒಪ್ಪೋಣ. 2023ರ ಜೂನ್‌ನಲ್ಲಿ ಕೇರಳ ಸರಕಾರ ಕೆ-ಫೋನ್ ಎಂಬ ತನ್ನ ಫೈಬರ್ ಜಾಲವನ್ನೂ ಉದ್ಘಾಟಿಸಿತು, ಖಾಸಗಿಯವರ ಫೈಬರ್ ಕೂಡ ಪೇಟೆಗಳಲ್ಲಿ ಸಾಕಷ್ಟಿದೆ. ಫೈಬರಿನ ವೇಗದ ಎದುರು ರೇಡಿಯೋ ನಿಲ್ಲಲಾರದು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಫೈಬರ್ ನಮ್ಮ ತೋಟದೊಳಗೆ ಬರುವುದು ಯಾವುದರ ಮೇಲೆ? ವಿದ್ಯುತ್ ಕಂಬದ ಮೇಲೆ, ಅದು ಇಲ್ಲದಲ್ಲಿ ಅಡಿಕೆ ಮರದಿಂದ ಅಡಿಕೆ ಮರಕ್ಕೆ. ಗಾಳಿಮಳೆಗೆ ಮಾವಿನ ಗೆಲ್ಲೊಂದು ಮುರಿದು ಬಿದ್ದರೆ ಕರೆಂಟೂ ಫೈಬರೂ ಒಂದೇ ಏಟಿಗೆ ಹೋಗುತ್ತವೆ. ತಾಮ್ರದ ತಂತಿ ತುಂಡಾದರೆ ನಾನು ಮರದ ಬುಡದಲ್ಲಿ ಕುಳಿತು ಹಲ್ಲಿನಿಂದ ಸಿಪ್ಪೆ ಕಿತ್ತು ಜೋಡಿಸುತ್ತಿದ್ದೆ. ಗಾಜಿನ ಎಳೆಯನ್ನು ಜೋಡಿಸಲು ಯಂತ್ರ ಹಿಡಿದವನೇ ಬರಬೇಕು, ಅವನು ಪೇಟೆಯ ದೂರುಗಳನ್ನು ಮುಗಿಸಿ ಬರುತ್ತಾನೆ. ತಂತಿಯ ರೋಗಗಳಲ್ಲಿ ಹೆಚ್ಚಿನವು ಫೈಬರಿಗೂ ಇವೆ. ಈ ವಾದವನ್ನು ನಾನು ಇಷ್ಟಕ್ಕೇ ಬಿಡುತ್ತೇನೆ.

ಇನ್ನೊಂದು ವಾದ, ಮೆಲುದನಿಯಲ್ಲಿ ಹೇಳುವಂಥದ್ದು: ಕಣಿವೆಯೊಂದರಲ್ಲಿ ಹದಿನೈದು ಮನೆ, ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿದರೆ ಕಂಪನಿಗೆ ಗಿಟ್ಟುವುದಿಲ್ಲ. ಗಿಟ್ಟುವುದಿಲ್ಲ ಎಂಬುದು ನಮಗೂ ಗೊತ್ತು, ಸರಕಾರಕ್ಕೂ ಗೊತ್ತು. ಅದಕ್ಕಾಗಿಯೇ 2002ರಿಂದ ಸಾರ್ವತ್ರಿಕ ಸೇವಾ ನಿಧಿ ಇದೆ, ಅದಕ್ಕಾಗಿಯೇ ಕಂಪನಿಗಳು ತಮ್ಮ ಹೊಂದಾಣಿಕೆಗೊಂಡ ಒಟ್ಟು ಆದಾಯದ ಶೇ. 5ರಷ್ಟನ್ನು ಅದಕ್ಕೆ ಕಟ್ಟುತ್ತವೆ, ಎಂದರೆ ನಾವು ರೀಚಾರ್ಜ್ ಮಾಡಿದ ಹಣದಿಂದ ಕಟ್ಟುತ್ತವೆ. 2023ರ ದೂರಸಂಪರ್ಕ ಕಾಯಿದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಕೊಟ್ಟಿತು. ಸಿಗ್ನಲ್ ಇಲ್ಲದ ಅಡುಗೆಮನೆಯಲ್ಲಿ ಕುಳಿತು ನಾವೂ ಆ ನಿಧಿಗೆ ಕಾಣಿಕೆ ಹಾಕುತ್ತಿದ್ದೇವೆ. ಅದರಿಂದ ಟವರ್ ನೆಡಲು ಹಣ ಕೊಡುತ್ತಾರೆ. ಆದರೆ ಟವರಿನಿಂದ ಮನೆಯೊಳಗೆ ಬರುವ ಕೊನೆಯ ತುಣುಕಿಗೆ, ಮಾಡಿನ ಮೇಲಿನ ಆ ಪೈಪಿಗೆ ಮತ್ತು ಆಂಟೆನಾಕ್ಕೆ ನಮ್ಮ ಕಣಿವೆಯಲ್ಲಿ ಒಬ್ಬರಾದರೂ ಒಂದು ಪೈಸೆ ಪಡೆದದ್ದನ್ನು ನಾನು ಕಂಡಿಲ್ಲ.

ಗಡಿಯ ಪ್ರಹಸನವೂ ಇದರದೇ ಭಾಗ. ಅಡ್ಯನಡ್ಕದ ಕಡೆಯ ಕರ್ನಾಟಕದ ಟವರ್ ನಮ್ಮ ಕೆಲವು ಮನೆಗಳಿಗೆ ಕೇರಳದ ಟವರಿಗಿಂತ ಚೆನ್ನಾಗಿ ಕಾಣುತ್ತದೆ, ಅಲೆಗೆ ಚೆಕ್‌ಪೋಸ್ಟ್ ಇಲ್ಲವಲ್ಲ. ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದವನಿಗೆ ಕರ್ನಾಟಕಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು, ಕರೆ ಬಂದರೆ ರೋಮಿಂಗ್ ಎಂದು ದುಡ್ಡೂ ಹೋಗುತ್ತಿತ್ತು. ಒಳಬರುವ ಕರೆಗಳಿಗೆ ಬಿಎಸ್ಎನ್ಎಲ್ 2015ರ ಜೂನ್‌ನಲ್ಲಿ ರೋಮಿಂಗ್ ಶುಲ್ಕ ತೆಗೆದ ಮೇಲೆ ಆ ಸುಲಿಗೆ ಕಡಿಮೆಯಾಯಿತು. ಆದರೆ ದೂರು ಕೊಟ್ಟರೆ ಈಗಲೂ ಇದು ಆ ಕಡೆಯ ದೂರಸಂಪರ್ಕ ವೃತ್ತಕ್ಕೆ ಸೇರಿದ್ದು ಎಂದು ಇವರು, ನಿಮ್ಮ ವಿಳಾಸ ಈ ಕಡೆಯದು ಎಂದು ಅವರು.

ಇಷ್ಟೆಲ್ಲ ಬರೆಯುವ ಹುರುಪು ನನಗೆ ಬಂದದ್ದು ಸಿಟ್ಟಿನಿಂದ ಮಾತ್ರವಲ್ಲ. ನಮ್ಮ ನೆರೆಮನೆಯ ಹುಡುಗನೊಬ್ಬ, ಪಾಲಿಟೆಕ್ನಿಕ್ ಕಲಿತವನು, ಕಳೆದ ಬೇಸಿಗೆಯಲ್ಲಿ ಮಾಡಿದ್ದನ್ನು ನೋಡಿ ನಾನು ಮರುಳಾಗಿದ್ದೇನೆ. ಸುರಂಗದ ಬಾಯಿಯ ಮೇಲಿನ ದರೆಯಲ್ಲಿ, ಟವರ್ ಕಣ್ಣಿಗೆ ಕಾಣುವ ಜಾಗದಲ್ಲಿ, ಒಂದು ಪೈಪ್ ನೆಟ್ಟು ಅದಕ್ಕೆ ಮಳೆನೀರು ಹೋಗದ ಪೆಟ್ಟಿಗೆಯಲ್ಲಿ ಸಿಮ್ ಹಾಕುವ 4ಜಿ ರೂಟರ್ ಕಟ್ಟಿದ. ಆಂಟೆನಾದ ಕೇಬಲನ್ನು ಉದ್ದಕ್ಕೆ ಎಳೆದರೆ ಸಿಗ್ನಲ್ ದಾರಿಯಲ್ಲೇ ಸೋರುತ್ತದೆ, ಆದ್ದರಿಂದ ರೇಡಿಯೋ ಭಾಗವನ್ನೇ ಮೇಲಿಟ್ಟು, ಅಲ್ಲಿಂದ ಮನೆಗೆ ನೆಟ್‌ವರ್ಕ್ ಕೇಬಲ್ ಇಳಿಸಿದ. ಅಂತಹ ಕೇಬಲ್ 100 ಮೀಟರ್‌ವರೆಗೆ ಮಾಹಿತಿಯನ್ನೂ ಒಯ್ಯುತ್ತದೆ, ಮೇಲಿನ ರೂಟರಿಗೆ ಬೇಕಾದ ವಿದ್ಯುತ್ತನ್ನೂ ಒಯ್ಯುತ್ತದೆ. ಕೆಳಗೆ ಸಣ್ಣದೊಂದು ಬ್ಯಾಟರಿ. ತುಲಾ ತಿಂಗಳ ಗುಡುಗಿಗೆ ಏನು ಮಾಡುತ್ತೀ ಎಂದು ಕೇಳಿದೆ. ಪೈಪಿಗೆ ಅರ್ತಿಂಗ್ ಕೊಟ್ಟಿದ್ದೇನೆ, ಆದರೂ ಗುಡುಗುವಾಗ ಅಜ್ಜಿ ಕೇಬಲ್ ಕಿತ್ತಿಡುತ್ತಾರೆ ಮಾವ, ಎಂದ. ಸರಿಯಾದ ಉತ್ತರ. ಅಜ್ಜಿಯ ಫೋನಿಗೆ ಈಗ ದುಬಾಯಿಯಿಂದ ಮಗನ ಕರೆ ಅಡುಗೆಮನೆಯಲ್ಲೇ ಬರುತ್ತದೆ. ಇದು ಕೆಲವರು ಅಂತರ್ಜಾಲದಲ್ಲಿ ಕೊಂಡು ತಂದು ಇಡುವ ಬೂಸ್ಟರ್ ಅಲ್ಲ. ಪರವಾನಗಿಯಿಲ್ಲದೆ ಅದನ್ನು ಇಡುವುದು ಕಾನೂನುಬಾಹಿರ, ಸುತ್ತಲಿನವರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಇದು ಮಾಡಿನ ಮೇಲಿನ ನಮ್ಮ ಹಳೆಯ ಯಾಗಿಯದೇ ಸಂತತಿ.

ತಮಾಷೆಯೆಂದರೆ ಈ ಕಲ್ಪನೆ ಕಂಪನಿಗಳಿಗೂ ಚೆನ್ನಾಗಿ ಗೊತ್ತಿದೆ. 2023ರಲ್ಲಿ ಏರ್‌ಫೈಬರ್ ಎಂಬ ಹೆಸರಿನಲ್ಲಿ, ಮನೆಯ ಹೊರಗೆ ಒಂದು ರೇಡಿಯೋ ಪೆಟ್ಟಿಗೆ ಬಿಗಿದು ಒಳಗೆ ಇಂಟರ್‌ನೆಟ್ ಕೊಡುವ ಸೇವೆಯನ್ನು ಮೊದಲು ಆರಂಭಿಸಿದ್ದು ದಿಲ್ಲಿ, ಮುಂಬೈ, ಬೆಂಗಳೂರುಗಳಂತಹ ನಗರಗಳಲ್ಲಿ. ತಂತಿ ಎಳೆಯಲು ಅಲ್ಲಿ ಏನು ಕಷ್ಟವಿತ್ತೋ! ಹಳ್ಳಿಯ ಔಷಧಿಯನ್ನು ಪೇಟೆಯವರಿಗೆ ಮೊದಲು ಕುಡಿಸಿದ್ದಾರೆ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಬರವಣಿಗೆಯಲ್ಲಿ ಅರ್ಜಿ ಕೊಡುವುದೆಂದು ತೀರ್ಮಾನಿಸಿದ್ದೇನೆ. ಹೊಸ ಟವರ್ ಬೇಡ, ಇರುವ ಟವರಿನ ಒಂದು ಆಂಟೆನಾವನ್ನು ರಸ್ತೆಯಿಂದ ಕಣಿವೆಯ ಕಡೆಗೆ ತಿರುಗಿಸಲಿ. 700 ಮೆಗಾಹರ್ಟ್ಸ್ ತರಂಗ ಗುಡ್ಡದ ಅಂಚನ್ನು ಬಳಸಿ ಬಾಗುವಷ್ಟು 2100 ಬಾಗದು, ಎಲೆ ಗೋಡೆಗಳನ್ನೂ 700 ಹೆಚ್ಚು ಚೆನ್ನಾಗಿ ದಾಟುತ್ತದೆ. ಆ 700ರ ತರಂಗಾಂತರವನ್ನು ಸರಕಾರ ಬಿಎಸ್ಎನ್ಎಲ್‌ಗೆ ಕೊಟ್ಟಿದೆ, ಅದು ಮೊದಲು ನಮ್ಮಂತಹ ತಗ್ಗುಗಳಲ್ಲಿ ಉರಿಯಲಿ. ಕರೆಂಟು ಹೋದ ರಾತ್ರಿಯಲ್ಲಿ ಬೆಳಗಾಗುವವರೆಗೆ ಬಾಳುವ ಬ್ಯಾಟರಿ ಟವರಿನಲ್ಲಿರಲಿ. ಮಾಡಿನ ಮೇಲೆ ಆಂಟೆನಾ ಇಟ್ಟುಕೊಳ್ಳುವ ಮನೆಗೆ ನಿಧಿಯಿಂದ ಸಹಾಯಧನ ಸಿಗಲಿ. ಇನ್ನು ಆ ನಕ್ಷೆಗೆ ಬಣ್ಣ ಹಾಕುವ ಮುನ್ನ ಯಾರಾದರೂ ಒಬ್ಬರು ರಸ್ತೆಯಲ್ಲಿ ಜೀಪು ನಿಲ್ಲಿಸಿ, ಮೆಟ್ಟಿಲಿಳಿದು, ನಮ್ಮ ಚಾವಡಿಯಲ್ಲಿ ಕುಳಿತು ಅಳೆಯಲಿ. ಮಜ್ಜಿಗೆ ನಾವೇ ಕೊಡುತ್ತೇವೆ.

ಕನ್ನಡದ ಕರಡು ಸಿದ್ಧವಾಗಿದೆ, ಅದನ್ನು ಒಳ್ಳೆಯ ಮಲಯಾಳದಲ್ಲಿ ಬರೆದುಕೊಡುವವರು ಬೇಕು. ಸಹಿ ಹಾಕುವ ಮನಸ್ಸಿದ್ದವರು ತಮ್ಮ ಮನೆಯೊಳಗಿನ ಸಿಗ್ನಲ್ ಎಷ್ಟೆಂದು ಅಳೆದು ಚೀಟಿಯಲ್ಲಿ ಬರೆದು ತಂದರೆ ಅರ್ಜಿಗೆ ಲಗತ್ತಿಸಬಹುದು. ಕರೆ ಮಾಡಿದರೆ ನಾನು ಸಿಗುವುದಿಲ್ಲ, ಸಂಜೆ ಹಾಲಿನ ಸೊಸೈಟಿಯ ಹತ್ತಿರ ಇರುತ್ತೇನೆ.